ಹಳೆಯ ಹಾಟ್ ಟಬ್ಬಿನ ಸಣ್ಣ ಸೋರಿಕೆ: ಹುಡುಕುವ ಬಗೆ, ಮುಚ್ಚುವ ಬಗೆ

ಬಿಸಿನೀರಿನಲ್ಲಿ ಕುಳಿತುಕೊಳ್ಳುವ ತೊಟ್ಟಿಯಾದ ನಮ್ಮ ಹಾಟ್ ಟಬ್ಬಿಗೆ ಈಗ 16 ವರ್ಷ. ಸಂಜೆ ಕಾಲು ಗಂಟೆ ಅದರಲ್ಲಿ ಕುಳಿತರೆ ಅಮ್ಮನ ಮಂಡಿನೋವು ಹತೋಟಿಗೆ ಬಂದು, ರಾತ್ರಿ ನಿದ್ದೆ ಹತ್ತುತ್ತದೆ. ಹಾಗಾಗಿ ನೀರು ದಿನವೂ ತುಸುತುಸು ಇಳಿಯತೊಡಗಿದಾಗ ನನಗೆ ನಿಜವಾಗಿಯೂ ಚಿಂತೆ ಹತ್ತಿತು. ಕಂಡವರೆಲ್ಲ ಹೊಸದನ್ನು ತರಲು ಹೇಳಿದರು. ಆದರೆ ತೊಟ್ಟಿಯ ಅಕ್ರಿಲಿಕ್ ಮೈ ಗಟ್ಟಿಯಾಗಿತ್ತು, ಪಂಪ್ ಸದ್ದಿಲ್ಲದೆ ಓಡುತ್ತಿತ್ತು. ಎಲ್ಲೋ ಒಂದು ಜೋಡಣೆ ಒಸರುತ್ತಿದೆ ಎಂದು ಇಡೀ ತೊಟ್ಟಿಯನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಅದು ಸೋರಿಕೆಯೇ ಎಂದು ಖಚಿತಪಡಿಸಿಕೊಳ್ಳಿ. ಬಿಸಿನೀರು ಆವಿಯಾಗುವುದು ಸಹಜ. ಮುಚ್ಚಳ ಹಳೆಯದಾಗಿ ಅಂಚು ಎದ್ದಿದ್ದರೆ ಇನ್ನೂ ಹೆಚ್ಚು. ನೀರಿನ ಮಟ್ಟಕ್ಕೆ ಸರಿಯಾಗಿ ಒಳಗೋಡೆಗೆ ಟೇಪ್ ಅಂಟಿಸಿ, ಮುಚ್ಚಳ ಹಾಕಿ, 24 ಗಂಟೆ ಯಾರೂ ಇಳಿಯದಂತೆ ಬಿಡಿ. ಒಂದು ದಿನ ಪಂಪ್ ಓಡಿಸಿ ನೋಡಿ, ಮರುದಿನ ವಿದ್ಯುತ್ ಆರಿಸಿ ನೋಡಿ. ಪಂಪ್ ಓಡುವಾಗ ಮಾತ್ರ ನೀರು ಇಳಿದರೆ ಪಂಪಿನಿಂದ ಜೆಟ್ಟುಗಳ (ನೀರು ಚಿಮ್ಮುವ ಬಾಯಿಗಳ) ಕಡೆಗೆ ಒತ್ತಡದಲ್ಲಿ ಹೋಗುವ ಪೈಪುಗಳನ್ನು ಶಂಕಿಸಬೇಕು. ನಮ್ಮದರಲ್ಲಿ ಎರಡೂ ದಿನ ಸುಮಾರು 6 ಮಿಲಿಮೀಟರ್ ಇಳಿದಿತ್ತು. ತೊಟ್ಟಿಯ ಬಾಯಿ ಉದ್ದಗಲ 2 ಮೀಟರ್. ಒಂದು ಮಿಲಿಮೀಟರ್ ಎಂದರೆ 4 ಲೀಟರ್. ಅಂದರೆ ದಿನಕ್ಕೆ ಹತ್ತಿರಹತ್ತಿರ 24 ಲೀಟರ್ ನೀರು ಹೋಗುತ್ತಿತ್ತು. ಹೊರಗೆ ಮಾತ್ರ ಅಂಗೈಯಗಲದ ತೇವ.

ಆ ತೇವವನ್ನೇ ನಂಬಿ ನಾನು ತಪ್ಪು ಮಾಡಿದೆ. ಅದರ ನೇರಕ್ಕೆ ತೊಟ್ಟಿಯ ಹೊರಬದಿಯ ಹಲಗೆ ಬಿಚ್ಚಿ, ಒಳಗಿನ ಫೋಮನ್ನು ಎರಡು ದಿನ ಕೆರೆದೆ. ಅಲ್ಲಿ ಏನೂ ಇರಲಿಲ್ಲ. ಶಾಖ ಹಿಡಿದಿಡಲು ತುಂಬಿಸಿದ ಈ ಫೋಮ್ ನೀರನ್ನು ಹೀರಿಕೊಂಡು ಎಲ್ಲಿಂದೆಲ್ಲಿಗೋ ಹರಿಸುತ್ತದೆ. ಒದ್ದೆಯಾದ ಜಾಗ ಒಂದು, ಸೋರುವ ಜಾಗ ಇನ್ನೊಂದು. ದಯವಿಟ್ಟು ಮೊದಲೇ ಫೋಮಿಗೆ ಕೈ ಹಾಕಬೇಡಿ.

ಸೋರಿಕೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೀರೇ ತೋರಿಸಿಕೊಡುತ್ತದೆ. ತೊಟ್ಟಿಗೆ ವಿದ್ಯುತ್ ಕೊಡುವ ಎಂಸಿಬಿ ಸ್ವಿಚ್ ಆರಿಸಿ, ಯಾರೂ ಮತ್ತೆ ಹಾಕದಂತೆ ಅದರ ಮೇಲೆ ಟೇಪ್ ಅಂಟಿಸಿ. ನೀರು ಕಡಿಮೆಯಾದಾಗ ಪಂಪ್ ಗಾಳಿ ಎಳೆಯುತ್ತದೆ, ಹೀಟರ್ ಸುಟ್ಟುಹೋಗುತ್ತದೆ. ಆದ್ದರಿಂದ ಈ ಪರೀಕ್ಷೆ ನಡೆಯುವಷ್ಟು ದಿನವೂ ವಿದ್ಯುತ್ ಬೇಡ. ನೀರನ್ನು ತನ್ನ ಪಾಡಿಗೆ ಇಳಿಯಲು ಬಿಟ್ಟು, ದಿನವೂ ಒಂದು ಗೆರೆ ಎಳೆಯಿರಿ. ಮಟ್ಟ ಕೆಳಗೆ ಬಂದಂತೆ ಒತ್ತಡ ತಗ್ಗಿ ಗೆರೆಗಳು ಹತ್ತಿರ ಹತ್ತಿರ ಬರುತ್ತವೆ, ಕೊನೆಗೊಂದು ದಿನ ನೀರು ನಿಲ್ಲುತ್ತದೆ. ನಿಂತ ಮಟ್ಟದ ಆಸುಪಾಸಿನಲ್ಲೇ ತೂತು ಇರುತ್ತದೆ. ತಳದವರೆಗೂ ಇಳಿದರೆ ಪಂಪ್, ಹೀಟರ್, ತಳದ ವಾಲ್ವ್‌ಗಳನ್ನು ನೋಡಬೇಕು. ನಮ್ಮ ನೀರು ಎರಡನೇ ಸಾಲಿನ ಜೆಟ್ಟುಗಳಿಗಿಂತ ಎರಡು ಬೆರಳು ಕೆಳಗೆ ನಿಂತಿತು.

ಈಗ ನಾಲ್ಕೂ ಬದಿಯ ಹಲಗೆಗಳನ್ನು ತೆಗೆದು, ಆ ಎತ್ತರದಲ್ಲಿ ಮಾತ್ರ ಫೋಮ್ ತೆಗೆಯಿರಿ. ಚಾಕು ಬೇಡ, ಪೈಪ್ ಸೀಳುತ್ತದೆ; ಕೈಯಿಂದ ಮುರಿದು ತೆಗೆಯಿರಿ, ಇಲ್ಲವೇ ಮರದ ಚಮಚದಿಂದ ಕೆರೆಯಿರಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನಾನು ಹುಡುಕುತ್ತಿದ್ದುದು ನೀರನ್ನಲ್ಲ, ನೀರು ಒಣಗಿ ಬಿಟ್ಟುಹೋದ ಬಿಳಿ ಉಪ್ಪಿನ ಕರೆಯನ್ನು. ಮೂರು ಪೈಪುಗಳನ್ನು ಕೂಡಿಸುವ ಒಂದು ಟೀ (T) ಜೋಡಣೆಯ ಕುತ್ತಿಗೆಯಲ್ಲಿ, ಉಗುರಿನಷ್ಟಗಲ, ಸುಣ್ಣ ಬಳಿದಂತೆ ಅದು ಕುಳಿತಿತ್ತು. ಒರೆಸಿ, ಟಿಶ್ಯೂ ಕಾಗದದ ಎಳೆಯೊಂದನ್ನು ಸುತ್ತಿ, ಮೇಲಿನಿಂದ ನಾಲ್ಕು ಬಕೆಟ್ ನೀರು ತುಂಬಿದೆ. ಸ್ವಲ್ಪ ಹೊತ್ತಿಗೆ ಕಾಗದದ ಒಂದೇ ಒಂದು ಬದಿ ಕಪ್ಪಗಾಯಿತು. ಕೂಡಿಸುವಾಗ ಅಲ್ಲಿ ಪೈಪ್ ಅಂಟಿಸುವ ಸಿಮೆಂಟ್ ತಾಗಿರಲೇ ಇಲ್ಲ.

ಇಂತಹ ಜೋಡಣೆಯ ಮೇಲೆ ಹೊರಗಿನಿಂದ ಅಂಟು ಮೆತ್ತಿದರೆ ನಿಲ್ಲುವುದಿಲ್ಲ, ಕತ್ತರಿಸಿ ಹೊಸದು ಹಾಕಲೇಬೇಕು. ತೊಟ್ಟಿಯ ನೀರು ಪೂರ್ತಿ ಖಾಲಿ ಮಾಡಿ, ಪೈಪಿನೊಳಗೆ ಉಳಿದದ್ದನ್ನೂ ನೀರೆಳೆಯುವ ವ್ಯಾಕ್ಯೂಮಿನಿಂದ ಎಳೆಯಿರಿ. ಒಂದು ಹನಿ ಜಾರಿ ಬಂದರೂ ಅಂಟು ಕೆಡುತ್ತದೆ. ಹ್ಯಾಕ್ಸಾದಿಂದ ನೇರವಾಗಿ ಕತ್ತರಿಸಿ, ಅಂಚಿನ ಸಿಬಿರುಗಳನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಹೊಸ ಟೀ, ಕಪ್ಲಿಂಗ್, ಪೈಪ್ ತುಂಡುಗಳನ್ನು ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ, ಪೈಪ್ ಎಷ್ಟು ಒಳಗೆ ಹೋಗಬೇಕೆಂದು ಪೆನ್ಸಿಲಿನಿಂದ ಗುರುತು ಹಾಕಿ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಎರಡೂ ಮೈಗೆ ಪ್ರೈಮರ್, ಅದರ ಮೇಲೆ ಪಿವಿಸಿ ಸಿಮೆಂಟ್. ಬಾಗುವ ಪೈಪಾದರೆ ಅದಕ್ಕೆಂದೇ ಮಾಡಿದ ಸಿಮೆಂಟ್ ಕೊಳ್ಳಿ. ಗುರುತಿನವರೆಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ, 30 ಸೆಕೆಂಡ್ ಅದುಮಿ ಹಿಡಿಯಿರಿ. ಬೇಗ ಕೈಬಿಟ್ಟರೆ ಪೈಪ್ ತಾನಾಗಿ ಹಿಂದೆ ಸರಿಯುತ್ತದೆ. ಆಮೇಲೆ 24 ಗಂಟೆ ಮುಟ್ಟಬೇಡಿ.

ನಿಮ್ಮ ಸೋರಿಕೆ ಪಂಪ್ ಅಥವಾ ಹೀಟರಿನ ಯೂನಿಯನ್ನಿನಲ್ಲಿದ್ದರೆ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಕೆಲಸ ಸುಲಭ: ಅದರೊಳಗಿನ ಹಳೆಯ ಓ-ರಿಂಗ್ (ರಬ್ಬರ್ ಬಳೆ) ತೆಗೆದು ಹೊಸದಕ್ಕೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಯೂನಿಯನ್ ಕೈಯಿಂದ ಬಿಗಿ ಮಾಡಿದರೆ ಸಾಕು, ಸ್ಪಾನರ್ ಹಾಕಿ ಹಿಂಡಿದರೆ ಬಿರುಕು ಬಿಡುತ್ತದೆ. ಮೋಟಾರ್ ಮತ್ತು ಪಂಪಿನ ನಡುವಿನಿಂದ ತೊಟ್ಟಿಕ್ಕುತ್ತಿದ್ದರೆ ಶಾಫ್ಟಿನ (ತಿರುಗುವ ದಂಡದ) ಸೀಲ್ ಸವೆದಿದೆ, ಅದನ್ನು ಬದಲಿಸಬೇಕು. ಹೊಸ ಸೀಲಿನ ನುಣುಪು ಮುಖಕ್ಕೆ ಬೆರಳು ತಾಗಬಾರದು.

ನೀರಿಗೆ ಸುರಿಯುವ ಸೋರಿಕೆನಿರೋಧಕ ದ್ರವವನ್ನು ನಾನು ಬಳಸಲಿಲ್ಲ. ಕೈ ಹೋಗದ ಮೂಲೆಗೆ ಅದೊಂದೇ ದಾರಿಯಾದರೆ ಫಿಲ್ಟರ್ ತೆಗೆದಿಟ್ಟು ಬಳಸಬಹುದು. ಕಣ್ಣಿಗೆ ಕಂಡ ಜೋಡಣೆಗೆ ಅದನ್ನು ಸುರಿಯುವುದು ನನಗೆ ಸರಿಯೆನಿಸುವುದಿಲ್ಲ.

ಮರಳಿ ತುಂಬುವಾಗ ನೀರು ಬಿಡುವ ಪೈಪನ್ನು ಫಿಲ್ಟರ್ ಕೂರುವ ಗುಂಡಿಯೊಳಗೆ ಇಳಿಬಿಡಿ, ಪಂಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಹೊಸ ಜೋಡಣೆಯನ್ನು ದಾಟಿ ನಾಲ್ಕು ಬೆರಳು ಏರಿದಾಗ ನೀರು ನಿಲ್ಲಿಸಿ, ಟಿಶ್ಯೂ ಸುತ್ತಿ ಒಂದು ಗಂಟೆ ಕಾಯಿರಿ. ಒಣಗಿದ್ದರೆ ಪೂರ್ತಿ ತುಂಬಿ, ಪಂಪ್ ಹಾಕಿ. ಪಂಪ್ ಓಡಿದರೂ ನೀರು ತಿರುಗದಿದ್ದರೆ ಮತ್ತೆ ಎಂಸಿಬಿ ಆರಿಸಿ, ಪಂಪಿನ ಯೂನಿಯನ್ ತುಸು ಸಡಿಲಿಸಿ. ಬುಸ್ಸೆಂದು ಗಾಳಿ ಹೋಗಿ ನೀರು ಕಾಣಿಸಿದೊಡನೆ ಬಿಗಿ ಮಾಡಿ.

ಹಲಗೆಗಳನ್ನು ನಾನು ಎಂಟು ದಿನ ಮುಚ್ಚಲಿಲ್ಲ. ಬೆಳಿಗ್ಗೆ ಎದ್ದೊಡನೆ ಟಾರ್ಚ್ ಹಿಡಿದು ಆ ಟೀ ಮುಟ್ಟಿ ನೋಡುತ್ತಿದ್ದೆ. ಒಂಬತ್ತನೇ ದಿನ ಟೇಪಿನ ಅಂಚಿನಲ್ಲೇ ನೀರು ನಿಂತಿತ್ತು. ಉಳಿದೆಡೆ ಒಣ ಫೋಮ್ ತುಂಬಿಸಿದೆ. ಟೀ ಇರುವಲ್ಲಿ ಮಾತ್ರ ಫೋಮಿನ ತುಂಡೊಂದನ್ನು ಅಂಟಿಸದೆ ಸಿಕ್ಕಿಸಿಟ್ಟಿದ್ದೇನೆ, ಬೇಕೆಂದಾಗ ಎಳೆದು ನೋಡಲು.