ಎದೆ ನೋಡಿದರೆ ಸಾಲದು, ಕಾಲೂ ನೋಡಿ

"ಸಿಟಿ ಸ್ಕ್ಯಾನ್ ಇಲ್ಲದೆ ಪಲ್ಮನರಿ ಎಂಬಾಲಿಸಂ ಅಂತ ಹೇಗ್ರೀ ಹೇಳ್ತೀರಾ?" ಮೈಸೂರಿನ ಗೆಳೆಯರೊಬ್ಬರು ಎರಡು ವರ್ಷ ನನಗೆ ಇದನ್ನೇ ಕೇಳಿದರು. ಹೆಚ್ಚಾಗಿ ಕಾಲಿನಲ್ಲಿ ಹುಟ್ಟಿದ ರಕ್ತದ ಹೆಪ್ಪು ಕಿತ್ತು ಬಂದು ಶ್ವಾಸಕೋಶದ ನಾಳ ಕಟ್ಟುವುದೇ ಪಲ್ಮನರಿ ಎಂಬಾಲಿಸಂ. ನಾನು ಅದನ್ನು ಅಲ್ಟ್ರಾಸೌಂಡ್‌ನಿಂದ ಗುರುತಿಸಲು ಹೊರಟಿದ್ದೆ. ಅವರಿಗೆ ಸಿಟಿ ಪಕ್ಕದ ಕೋಣೆಯಲ್ಲೇ ಇದೆ. ಗೋಣಿಕೊಪ್ಪದ ನಮ್ಮ ಸಣ್ಣ ಆಸ್ಪತ್ರೆಯಿಂದ ತಿತಿಮತಿ ಕಾಡು ದಾಟಿ ಮೈಸೂರು ಮುಟ್ಟಲು ನೂರು ಕಿಲೋಮೀಟರ್ ಹತ್ತಿರ. ಬಿಪಿ 80ಕ್ಕೆ ಇಳಿದವರನ್ನು ಆ ದಾರಿಯಲ್ಲಿ ಕಳಿಸೋದು ಹೇಗೆ?

ಸೆಕೆಂಡ್ ಹ್ಯಾಂಡ್ ಅಲ್ಟ್ರಾಸೌಂಡ್ ಮೆಷಿನ್‌ಗೆ ನಾಲ್ಕೂವರೆ ಲಕ್ಷ ಆಯಿತು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ (ಪಿಸಿಪಿಎನ್‌ಡಿಟಿ) ನೋಂದಣಿ ಮುಗಿಯಲು ನಾಲ್ಕು ತಿಂಗಳು. ಅಷ್ಟೂ ದಿನ ಮೆಷಿನ್ ಸುಮ್ನೆ ಕೂತಿತ್ತು, ಕಂತು ಮಾತ್ರ ಕಟ್ಟುತ್ತಿದ್ದೆ.

ಮೊದಲು ಎಡವಿದ್ದು ಒಬ್ಬ ಹಳೇ ಬೀಡಿ ಸೇದುವವರ ಕೇಸಲ್ಲಿ. ಉಸಿರಾಟದ ತೊಂದರೆ, ಆರ್‌ವಿ (ಹೃದಯದ ಬಲ ಕೆಳಕೋಣೆ) ಎಲ್‌ವಿಗಿಂತ (ಎಡ ಕೆಳಕೋಣೆ) ದೊಡ್ಡದು. ದೊಡ್ಡ ಹೆಪ್ಪು ಶ್ವಾಸಕೋಶದ ದಾರಿ ಕಟ್ಟಿದರೆ ಆರ್‌ವಿ ಹೀಗೆ ಉಬ್ಬುತ್ತದೆ. ಹೆಪ್ಪೇ ಅಂದುಕೊಂಡು, ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಟ್ಟು ಮೈಸೂರಿಗೆ ಕಳಿಸಿದೆ. ಸಿಟಿಯಲ್ಲಿ ಹೆಪ್ಪೇ ಇಲ್ಲ! ಮನೆಯವರಿಗೆ ಇಪ್ಪತ್ತು ಸಾವಿರ ಖರ್ಚು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ನಾನು ಆರ್‌ವಿ ಗೋಡೆ ಅಳೆದಿರಲಿಲ್ಲ. ಅದು 5 ಮಿಲಿಮೀಟರ್ ದಾಟಿದ್ದರೆ ಆರ್‌ವಿ ಮೇಲಿನ ಒತ್ತಡ ಹಳೆಯದು, ಶ್ವಾಸಕೋಶದ ಹಳೇ ಕಾಯಿಲೆಯದು ಅಂತ ಅನುಮಾನಿಸಬೇಕಿತ್ತು. ಹೆಪ್ಪಿನಿಂದ ಶ್ವಾಸಕೋಶದ ಅಂಚಿನಲ್ಲಿ ಮೂಡುವ ತ್ರಿಕೋನ ಕಲೆಗಳನ್ನೂ ಕೆಲವು ತಿಂಗಳು ಹುಡುಕಿದೆ. ಸಮಯ ಜಾಸ್ತಿ ಹೋಯಿತು, ಬಿಟ್ಟೆ.

ಆಮೇಲೆ ಎದೆಯ ಜೊತೆಗೆ ಕಾಲನ್ನೂ ನೋಡತೊಡಗಿದೆ. ತೊಡೆಸಂದು, ಮಂಡಿಯ ಹಿಂಭಾಗ, ಎರಡೇ ಜಾಗ. ಪ್ರೋಬಿನಿಂದ (ಮೈಗೆ ಹಿಡಿಯುವ ಸ್ಕ್ಯಾನ್ ಉಪಕರಣ) ಒತ್ತಿದಾಗ ಹೃದಯಕ್ಕೆ ರಕ್ತ ಮರಳಿಸುವ ರಕ್ತನಾಳ (ವೇನ್) ಪೂರ್ತಿ ಮುಚ್ಚಬೇಕು. ಮುಚ್ಚದಿದ್ದರೆ ಹೆಪ್ಪಿದೆ.

  

ಕಳೆದ ಕಾಫಿ ಕೊಯ್ಲಿನಲ್ಲಿ ತೋಟದ ಕೆಲಸದ ಒಬ್ಬಾಕೆ ಬಂದರು. ಪಾದಕ್ಕೆ ಪ್ಲಾಸ್ಟರ್ ಹಾಕಿ ಐದು ವಾರ. ಏಣಿ ಹತ್ತುವಾಗ ಅಲ್ಲ, ಮನೆಯಲ್ಲಿ ಕೂತಲ್ಲೇ ಉಸಿರು ಕಟ್ಟಿತ್ತು. ಆರ್‌ವಿ ಉಬ್ಬಿತ್ತು, ಗೋಡೆ ತೆಳು. ಎಲ್‌ವಿ ಇಂಗ್ಲಿಷ್ ಡಿ ಅಕ್ಷರದ ಹಾಗೆ ಚಪ್ಪಟೆ. ತೊಡೆಸಂದು ಸರಿಯಿತ್ತು. ಮಂಡಿಯ ಹಿಂದೆ ಎಷ್ಟು ಒತ್ತಿದರೂ ರಕ್ತನಾಳ ಮುಚ್ಚಲಿಲ್ಲ, ಒಳಗೆ ಬೂದು ಬಣ್ಣದ ಹೆಪ್ಪು ಕಂಡಿತು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದಿಗೆ ಆಗ ಸುಮಾರು 30 ಸಾವಿರ. ತೋಟದ ಮಾಲೀಕರು ಖರ್ಚಿಗೆ ಒಪ್ಪಿಕೊಂಡರು, ಕೊಟ್ಟೆ. ಒಂದೂವರೆ ಗಂಟೆಯಲ್ಲಿ ಬಿಪಿ 110ಕ್ಕೆ ಏರಿತು. ಮರುದಿನ ಮೈಸೂರಿನ ಸಿಟಿಯಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಉಳಿದ ಹೆಪ್ಪು ಕಂಡಿತು. ಎದೆ, ಕಾಲು ಎರಡೂ ನೋಡಿ ನಿರ್ಧರಿಸಿದ ಆ ಹದಿನೈದು ನಿಮಿಷದ ಬಗ್ಗೆ ನನಗೆ ಹೆಮ್ಮೆಯಿದೆ.

ಹೃದಯ ಸರಿ ಕಂಡಿತು ಅಂತ ಹೆಪ್ಪಿಲ್ಲ ಅನ್ನಬೇಡಿ. ಸಣ್ಣ ಹೆಪ್ಪಿಗೆ ಆರ್‌ವಿ ಉಬ್ಬೋದಿಲ್ಲ. ಅನುಮಾನ ಉಳಿದರೆ ನಾನು ಈಗಲೂ ಸಿಟಿಗೇ ಕಳಿಸುತ್ತೇನೆ.

ಪ್ಲಾಸ್ಟರ್ ಇದ್ದಾಗ ಮಂಡಿ ಹಿಂದೆ ಪ್ರೋಬ್ ಹಿಡಿಯೋಕೆ ನನ್ನದೇ ಒಂದು ಪಟ್ಟು ಇದೆ. ಬರೆದರೆ ಅರ್ಥವಾಗೋದಿಲ್ಲ, ಕೈ ಹಿಡಿದೇ ತೋರಿಸಬೇಕು. ಮೊನ್ನೆ ಅದೇ ಮೈಸೂರಿನ ಗೆಳೆಯರು ಫೋನ್ ಮಾಡಿ ಅದನ್ನೇ ಕೇಳಿದರು. ಭಾನುವಾರ ಬನ್ನಿ ಅಂದಿದ್ದೇನೆ.