ಹನ್ನೊಂದನೇ ಕ್ಲಾಸಿಗೆ ಅಮೆರಿಕನ್ ಇತಿಹಾಸ: ನನ್ನ ತರಗತಿಯ ನಿಯಮಗಳು ಮತ್ತು ಅವುಗಳ ಕಾರಣ

ಅಮೆರಿಕದ ಪಬ್ಲಿಕ್ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ನಾನು ವರ್ಷದ ಮೊದಲ ವಾರದಲ್ಲೇ ಮಕ್ಕಳ ಕೈಗೆ ಎರಡು ಪುಟದ ಸಿಲಬಸ್ ಕೊಡುತ್ತೇನೆ. ವಿದ್ಯಾರ್ಥಿಯ ಜೊತೆಗೆ ಮನೆಯವರೂ ಸಹಿ ಹಾಕಿ ವಾಪಸ್ ಕಳಿಸಬೇಕು. ಎರಡು ಪುಟಕ್ಕಿಂತ ಉದ್ದವಾದರೆ ಯಾರೂ ಓದುವುದಿಲ್ಲ. ಓದದ ನಿಯಮಕ್ಕೆ ಸಹಿ ಹಾಕಿಸಿಕೊಂಡರೆ ನವೆಂಬರಿನಲ್ಲಿ ಜಗಳ ಗ್ಯಾರಂಟಿ. ಪ್ರತಿ ನಿಯಮ ಬರೆಯುವಾಗಲೂ ನಾನು ಕೇಳಿಕೊಳ್ಳುವುದು ಒಂದೇ: ಕೊನೆಗೆ ಬರುವ ಗ್ರೇಡು ಈ ಹುಡುಗನಿಗೆ ಇತಿಹಾಸ ಎಷ್ಟು ಗೊತ್ತು ಅನ್ನುವುದನ್ನು ಹೇಳುತ್ತದೆಯೋ, ಅಥವಾ ಅವನು ಎಷ್ಟು ಶಿಸ್ತಿನವನು ಅನ್ನುವುದನ್ನೋ?

ಆದ್ದರಿಂದ ನಡತೆಗೆ ಅಂಕವಿಲ್ಲ. ಪರೀಕ್ಷೆಗೆ 40, ಬರವಣಿಗೆಗೆ 35, ನೋಟ್ಸ್ ಮತ್ತು ತರಗತಿಯ ಕೆಲಸಕ್ಕೆ 25. ತಡವಾಗಿ ಬರುವುದು, ಫೋನ್ ನೋಡುವುದು ಇವಕ್ಕೆಲ್ಲ ಬೇರೆ ದಾರಿಯಿದೆ: ಬಾಗಿಲ ಪಕ್ಕ ನಂಬರ್ ಹಾಕಿದ ಜೇಬುಗಳಲ್ಲಿ ಫೋನ್ ಇಟ್ಟು ಒಳಗೆ ಬರಬೇಕು, ತಪ್ಪಿದರೆ ಮನೆಗೆ ಕರೆ ಹೋಗುತ್ತದೆ. ಅಂಕಕ್ಕೆ ಕತ್ತರಿ ಹಾಕುವುದಿಲ್ಲ.

ಹೆಚ್ಚು ವಾದ ಬರುವುದು ಸೊನ್ನೆಯ ಬಗ್ಗೆ. ಐದು ಕೆಲಸಗಳಲ್ಲಿ ನಾಲ್ಕಕ್ಕೆ 80 ತೆಗೆದ ಹುಡುಗಿ ಒಂದನ್ನು ಕೊಡದಿದ್ದರೆ, ಸೊನ್ನೆ ಹಾಕಿದಾಗ ಸರಾಸರಿ 64ಕ್ಕೆ ಇಳಿಯುತ್ತದೆ. ಬಿ ದರ್ಜೆಯ ಕೆಲಸ ಮಾಡುವವಳ ಕಾರ್ಡಿನಲ್ಲಿ ಡಿ ಕಾಣುತ್ತದೆ. ಅದೇ ಜಾಗದಲ್ಲಿ 50 ಹಾಕಿದರೆ 74, ಅಂದರೆ ಸಿ. ಇಲ್ಲಿ 60ಕ್ಕಿಂತ ಕೆಳಗೆ ಎಲ್ಲವೂ ಫೇಲೇ, 50 ಕೂಡ ಫೇಲೇ. ಏನೂ ಮಾಡದವನಿಗೆ ಪುಕ್ಕಟೆ ಅಂಕ ಕೊಡುತ್ತೀರಿ ಅನ್ನುವ ಪಾಲಕರಿಗೆ ಈ ಲೆಕ್ಕವನ್ನೇ ತೋರಿಸುತ್ತೇನೆ. ತಡವಾದ ಕೆಲಸಕ್ಕೆ ದಿನಕ್ಕೆ 5 ಅಂಕ ಕಡಿತ, 25 ಮೀರುವುದಿಲ್ಲ, ಆ ಘಟಕದ ಪರೀಕ್ಷೆಯ ದಿನ ಗಡುವು ಮುಗಿಯಿತು. ಅಲ್ಲಿಂದಾಚೆಗೆ ತೆಗೆದುಕೊಂಡರೆ ಬರುವುದು ಸ್ನೇಹಿತರ ತಿದ್ದಿದ ಹಾಳೆಯ ನಕಲು ಅಷ್ಟೇ.

ಬರವಣಿಗೆಯೇ ಈ ವಿಷಯದ ಜೀವ, ಅದಕ್ಕೇ ಪ್ರಬಂಧ ಮನೆಯಲ್ಲಿ ಬರೆಸುವುದಿಲ್ಲ. 45 ನಿಮಿಷದ ಎರಡು ಪೀರಿಯಡ್. ಮೊದಲನೆಯದರಲ್ಲಿ ನಾಲ್ಕು ಮೂಲ ದಾಖಲೆ ಓದಿ ಒಂದು ಹಾಳೆಯ ರೂಪುರೇಷೆ, ಎರಡನೆಯದರಲ್ಲಿ ಪೆನ್ನಿನಲ್ಲಿ ಪ್ರಬಂಧ. ರೂಪುರೇಷೆಯನ್ನು ರಾತ್ರಿ ನಾನೇ ಇಟ್ಟುಕೊಳ್ಳುತ್ತೇನೆ. ಚಾಟ್‌ಜಿಪಿಟಿ ಬಂದ ಮೇಲೆ ಮನೆಯ ಪ್ರಬಂಧಕ್ಕೆ ಅಂಕ ಕೊಟ್ಟು ನಂತರ ಅನುಮಾನಪಡುವುದು ಮಕ್ಕಳಿಗೂ ಅನ್ಯಾಯ. ಒಟ್ಟು 20 ಅಂಕ: ವಾದಕ್ಕೆ 4, ಸಾಕ್ಷ್ಯಕ್ಕೆ 8, ದಾಖಲೆಯ ಹಿನ್ನೆಲೆ ಪರೀಕ್ಷಿಸಿದ್ದಕ್ಕೆ 5, ಕಾಲದ ಸಂದರ್ಭಕ್ಕೆ 3.

ಎಲ್ಲರೂ ಅಂಕ ಕಳೆದುಕೊಳ್ಳುವುದು ದಾಖಲೆಯ ಹಿನ್ನೆಲೆಗೆ ಇಟ್ಟ ಆ ಐದರಲ್ಲಿ. ಅದನ್ನು ಕಲಿಸಲು, ಅಂತರ್ಯುದ್ಧದ ನಡುವೆ ಅಧ್ಯಕ್ಷ ಲಿಂಕನ್ 1862ರ ಆಗಸ್ಟ್ 22ರಂದು ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದ ಕಾಗದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಎಂದು ಅದರಲ್ಲಿದೆ. ಅರ್ಧ ಕ್ಲಾಸು ತಕ್ಷಣ, ‘ಲಿಂಕನ್‌ಗೆ ಗುಲಾಮರ ಚಿಂತೆಯೇ ಇರಲಿಲ್ಲ’ ಎಂದು ಬರೆಯುತ್ತದೆ. ಆಗ ಬೋರ್ಡಿನ ಮೇಲೆ ದಿನಾಂಕಗಳನ್ನು ಹಾಕುತ್ತೇನೆ. ಜುಲೈ 22ಕ್ಕೇ ಅವನು ಗುಲಾಮರನ್ನು ಬಿಡಿಸುವ ವಿಮೋಚನಾ ಘೋಷಣೆಯ ಕರಡನ್ನು ಸಚಿವ ಸಂಪುಟದ ಮುಂದಿಟ್ಟಿದ್ದ. ಯುದ್ಧದಲ್ಲೊಂದು ಗೆಲುವು ಬರಲಿ, ಇಲ್ಲದಿದ್ದರೆ ಇದು ಸೋಲುವವರ ಕೂಗಿನಂತೆ ಕೇಳುತ್ತದೆ ಎಂದು ವಿದೇಶಾಂಗ ಸಚಿವ ಸೆವರ್ಡ್ ತಡೆದಿದ್ದ. ಸೆಪ್ಟೆಂಬರ್ 17ರಂದು ಗೆಲುವು ಎನ್ನಬಹುದಾದ ಆಂಟೀಟಮ್ ಕದನ, 22ರಂದು ಪ್ರಾಥಮಿಕ ಘೋಷಣೆ. ಅಂದರೆ ಕಾಗದ ಬರೆಯುವಾಗ ಕರಡು ಸಿದ್ಧವಾಗಿಯೇ ಇತ್ತು. ಹಾಗಿದ್ದರೆ ಈ ಕಾಗದ ಯಾರನ್ನು ಒಪ್ಪಿಸಲು? ಪತ್ರಿಕೆ ಓದುವ ಉತ್ತರ ರಾಜ್ಯಗಳ ಮತದಾರರನ್ನೋ, ಗುಲಾಮಗಿರಿ ಇದ್ದೂ ಒಕ್ಕೂಟ ಬಿಡದ ಕೆಂಟಕಿ, ಮಿಸೌರಿ ರಾಜ್ಯಗಳನ್ನೋ? ಈ ಪ್ರಶ್ನೆ ಕೇಳಿ ಉತ್ತರಿಸಿದವರಿಗೆ ಐದಕ್ಕೆ ಐದು. ‘ಲೇಖಕ ಪಕ್ಷಪಾತಿ’ ಎಂದಷ್ಟೇ ಬರೆದರೆ ಒಂದೂ ಇಲ್ಲ, ಏಕೆಂದರೆ ಆ ಮಾತು ಯಾವ ದಾಖಲೆಗಾದರೂ ಅಂಟುತ್ತದೆ.

ಚರ್ಚೆಯ ನಿಯಮಗಳಲ್ಲಿ ಎರಡು ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೂಲ ದಾಖಲೆಯಲ್ಲಿ ಜನಾಂಗೀಯ ಬೈಗುಳವಿದ್ದರೆ ಅದನ್ನು ಕಣ್ಣಿನಲ್ಲಿ ಓದಬೇಕು, ಗಟ್ಟಿಯಾಗಿ ಓದಬಾರದು. ಇನ್ನೊಂದು, ಗುಲಾಮರ ಹರಾಜಿನ ನಟನೆ, ಹಡಗಿನೊಳಗೆ ಮಲಗಿದಂತೆ ನೆಲದ ಮೇಲೆ ಮಲಗಿಸುವ ಚಟುವಟಿಕೆ ನನ್ನ ತರಗತಿಯಲ್ಲಿಲ್ಲ. ಅನುಭವ ಬರಲಿ ಅನ್ನುವ ಉದ್ದೇಶದಿಂದಲೇ ಇವನ್ನು ಮಾಡಿಸುತ್ತಾರೆ, ಆದರೆ ಕಪ್ಪು ಮಕ್ಕಳಿಗೆ ಅದು ಅವಮಾನ, ಉಳಿದವರಿಗೆ ಆಟ. ಓಡಿಹೋದ ಗುಲಾಮನನ್ನು ಹುಡುಕಿಕೊಡಿ ಎಂಬ ಪತ್ರಿಕಾ ಜಾಹೀರಾತನ್ನು ಎದುರಿಗಿಟ್ಟು, ಮೈಮೇಲಿನ ಗಾಯದ ಗುರುತುಗಳ ವರ್ಣನೆಯನ್ನು ಸಾಲು ಸಾಲಾಗಿ ಓದಿಸಿದರೆ ಕ್ಲಾಸು ತಾನಾಗಿಯೇ ಗಂಭೀರವಾಗುತ್ತದೆ.

ಭಾರತೀಯ ಮೂಲದ ಮಕ್ಕಳು ಇದು ನಮ್ಮ ಇತಿಹಾಸವಲ್ಲ ಅನ್ನುವುದುಂಟು. ಅಮೆರಿಕದ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಎಂಬವರ 1923ರ ತೀರ್ಪನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದೇನೆ: ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ವಲಸಿಗರ ಕೋಟಾದೊಡನೆ. 1965ರ ವಲಸೆ ಕಾಯ್ದೆ ದೇಶವಾರು ಮೂಲದ ಹಳೆಯ ಕೋಟಾ ಪದ್ಧತಿಯನ್ನು ತೆಗೆದದ್ದರಿಂದಲೇ ಮೈಸೂರು, ಧಾರವಾಡದ ಕಡೆಯ ಎಂಜಿನಿಯರು, ಡಾಕ್ಟರುಗಳು ಇಲ್ಲಿಗೆ ಬರಲು ದಾರಿಯಾಯಿತು. ಆ ಕಾಯ್ದೆಗೆ ನಾಗರಿಕ ಹಕ್ಕುಗಳ ಚಳವಳಿಯ ಒತ್ತಡ ಎಷ್ಟಿತ್ತು ಎಂಬುದೇ ಮುಂದಿನ ಪ್ರಬಂಧದ ಪ್ರಶ್ನೆ.

ವೇಳಾಪಟ್ಟಿ ಮೊದಲೇ ಅಚ್ಚಾಗಿರುತ್ತದೆ. ಚಳಿಗಾಲದ ರಜೆಗೆ ಮುಂಚೆ 1877, ಅಂದರೆ ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಕಾಲದ ಕೊನೆ, ಮುಗಿಯಲೇಬೇಕು. ಅಂತರ್ಯುದ್ಧದ ಕದನಗಳಲ್ಲೇ ತಿರುಗಾಡುತ್ತ ಕೂತರೆ ಮೇ ತಿಂಗಳಲ್ಲಿ ವಿಯೆಟ್ನಾಂ, ವಾಟರ್‌ಗೇಟ್ ಎರಡೇ ದಿನದಲ್ಲಿ ಹಾರಿಹೋಗುತ್ತವೆ. ನಾನು ಕದನಗಳನ್ನು ಮೂರಕ್ಕೆ ಇಳಿಸಿದ್ದೇನೆ.

ರಜೆ ಹಾಕಿದವರಿಗೆ ತಪ್ಪಿದ ದಿನಗಳಷ್ಟೇ ದಿನ ಹೆಚ್ಚುವರಿ. ಡಿಸೆಂಬರಿನಲ್ಲಿ ಊರಿಗೆ ಹೋಗುವ ಕುಟುಂಬಗಳು ಎರಡು ವಾರ ಮೊದಲೇ ತಿಳಿಸಿದರೆ ದಾಖಲೆಗಳ ಪ್ರತಿ ಕೊಟ್ಟು ಕಳಿಸುತ್ತೇನೆ, ಪ್ರಬಂಧ ಮಾತ್ರ ಬಂದ ಮೇಲೆ ನನ್ನ ಕೋಣೆಯಲ್ಲೇ. ವಿಶೇಷ ಅಗತ್ಯದ ಮಕ್ಕಳಿಗೆ ಹೆಚ್ಚು ಸಮಯ, ಟೈಪ್ ಮಾಡುವ ಅವಕಾಶ ಶಾಲೆ ಅವರಿಗಾಗಿ ಮಾಡಿದ ಕಲಿಕೆಯ ಯೋಜನೆಯಲ್ಲಿ ಬರೆದಂತೆ ಸಿಗುತ್ತದೆ. ಅದು ನನ್ನ ದಯೆಯಲ್ಲ, ಕಾನೂನು. ನಕಲು ಸಿಕ್ಕಿಬಿದ್ದರೆ ಕಚೇರಿಗೆ ವರದಿ, ಶಾಲೆ ಬಿಟ್ಟ ಮೇಲೆ ಬೇರೆ ದಾಖಲೆಗಳ ಮೇಲೆ ಹೊಸ ಪ್ರಬಂಧ, ಗರಿಷ್ಠ ಶೇಕಡಾ 70. ಉಳಿದವರೆಲ್ಲ ಯಾವ ಪ್ರಬಂಧವನ್ನಾದರೂ ತಿದ್ದಿ ವಾಪಸ್ ಕೊಟ್ಟ ಏಳು ದಿನದೊಳಗೆ ಮತ್ತೆ ಬರೆಯಬಹುದು. ಮೊದಲ ಪ್ರತಿಯನ್ನೂ, ಏನು ಬದಲಾಯಿಸಿದೆ, ಏಕೆ ಎಂದು ನಾಲ್ಕು ಸಾಲನ್ನೂ ಜೊತೆಗೆ ಪಿನ್ ಮಾಡಿ ಕೊಡಬೇಕು. ಆ ನಾಲ್ಕು ಸಾಲು ಇಲ್ಲದ ಪ್ರತಿಯನ್ನು ನಾನು ಓದುವುದಿಲ್ಲ.