ಹಳೇ ಕಾರು ಕೈಕೊಡುತ್ತಿದೆಯೇ? ಇನ್ನೊಂದನ್ನು ಹೀಗೆ ಆರಿಸಿ

ಹೋದ ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವಾಗ ನಮ್ಮ ಹಳೇ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕದಲ್ಲಿ ಮಂಡಿನೋವಿನ ಅಮ್ಮ, ಹಿಂದೆ ಮಕ್ಕಳು, ಹೊರಗೆ ಧೋ ಅಂತ ಮಳೆ. ಆ ವರ್ಷ ಅದು ಕೈಕೊಟ್ಟದ್ದು ಮೂರನೇ ಸಲ. ಮನೆಗೆ ಬಂದವರೇ “ಈ ವಾರವೇ ಬೇರೆ ಕಾರು” ಅಂದೆವು. ಆ ವಾರ ಕೊಳ್ಳಲಿಲ್ಲ, ಒಳ್ಳೇದೇ ಆಯಿತು. ನಾಳೆ ಆಫೀಸಿಗೆ ಹೇಗೆ ಹೋಗೋದು ಎಂಬ ಚಿಂತೆಯಲ್ಲಿ ಹೊರಟರೆ ಕಣ್ಣಿಗೆ ಬಿದ್ದ ಮೊದಲ ಗಾಡಿಯನ್ನೇ ಒಪ್ಪಿಬಿಡುತ್ತೇವೆ.

ಮೊದಲು ಹಳೇದಕ್ಕೆ ಎರಡು ತಿಂಗಳು ಜೀವ ಕೊಡಿ

ನಂಬಿಕೆಯ ಮೆಕ್ಯಾನಿಕ್ ಹತ್ತಿರ ಎರಡು ಪಟ್ಟಿ ಕೇಳಿ. ಸುರಕ್ಷಿತವಾಗಿ ಓಡಿಸಲು ಈಗಲೇ ಮಾಡಿಸಬೇಕಾದ್ದು ಒಂದು: ಬ್ರೇಕ್, ಟಯರ್, ಕೂಲಂಟ್ ಪೈಪ್. ಇನ್ನೊಂದು ವರ್ಷದಲ್ಲಿ ಬರಬಹುದಾದ ಖರ್ಚು ಮತ್ತೊಂದು: ಕ್ಲಚ್, ಸಸ್ಪೆನ್ಷನ್, ಎಸಿ ಕಂಪ್ರೆಸರ್. ಮೊದಲನೆಯದನ್ನು ಮಾಡಿಸಿ. ಎರಡನೆಯದರ ಮೊತ್ತ ಕಾರಿನ ಈಗಿನ ಬೆಲೆಯ ಅರ್ಧ ದಾಟಿದರೆ ಮಾರುವುದೇ ಸರಿ ಎನ್ನುವುದು ನನ್ನ ಲೆಕ್ಕ. ಬ್ಯಾಟರಿ ಸತ್ತಿತು ಅಂತ ಕಾರು ಮಾರಬೇಕಿಲ್ಲ. ಮಾಡಿಸಿದ ರಿಪೇರಿಯೇ ಮತ್ತೆ ಮತ್ತೆ ಬಂದರೆ, ಅಥವಾ ಕರಾವಳಿಯ ಉಪ್ಪುಗಾಳಿಗೆ ತಳ ತುಕ್ಕು ತಿಂದಿದ್ದರೆ ಇನ್ನು ದುಡ್ಡು ಸುರಿಯಬೇಡಿ.

ಆರ್‌ಸಿಯ (ನೋಂದಣಿ ಪತ್ರದ) ದಿನಾಂಕವನ್ನೂ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ನಿಮ್ಮ ಓಡಾಟ ಬರೆದಿಡಿ

ಒಂದು ವಾರ ದಿನಾ ಎಷ್ಟು ಕಿಲೋಮೀಟರ್ ಓಡಿಸಿದಿರಿ, ಬರೆಯಿರಿ. ಪೇಟೆಯೊಳಗೆ ನಾಲ್ಕೈದು ಕಿ.ಮೀ. ಓಡಾಟವೇ ಜಾಸ್ತಿ ಇದ್ದರೆ ಡೀಸೆಲ್ ಬೇಡ. ಬಿಎಸ್-6 (ಈಗಿನ ಹೊಗೆ ನಿಯಮದ) ಡೀಸೆಲ್ ಕಾರಿನ ಹೊಗೆ ಫಿಲ್ಟರ್ ಹೀಗೆ ಓಡಿಸಿದರೆ ಮಸಿ ಕಟ್ಟಿಕೊಳ್ಳುತ್ತದೆ. ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲ ಇದ್ದರೆ ಎಲೆಕ್ಟ್ರಿಕ್ ಯೋಚಿಸಿ. ಸಿಎನ್‌ಜಿ ಆದರೆ ಸಾಮಾನ್ಯವಾಗಿ ಡಿಕ್ಕಿಯ ಜಾಗ ಸಿಲಿಂಡರ್‌ಗೆ ಹೋಗುತ್ತದೆ.

ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ನಾವು ಮೆಚ್ಚಿದ್ದ ಒಂದು ಸೆಡಾನ್‌ನಿಂದ ಏಳಲು ಅಮ್ಮ ಬಾಗಿಲ ಅಂಚು ಹಿಡಿದು ಎರಡು ಸಲ ತಿಣುಕಿದರು. ಅಲ್ಲಿಗೆ ಅದನ್ನು ಬಿಟ್ಟೆವು.

ಸೆಕೆಂಡ್ ಹ್ಯಾಂಡ್ ಆದರೆ ಬೆಳಿಗ್ಗೆಯೇ ಹೋಗಿ

“ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ” ಅಂತ ಫೋನಿನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಬಿಸಿ ಎಂಜಿನ್ ತನ್ನ ತೊಂದರೆ ಮುಚ್ಚಿಡುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತುಕೊಳ್ಳಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಲೋಳೆ ಇದ್ದರೆ ಎಂಜಿನ್ನಿಗೆ ನೀರು ಸೇರುತ್ತಿರಬಹುದು. ಮೆಕ್ಯಾನಿಕ್ ಸರಿ ಅನ್ನುವವರೆಗೆ ಮಾತು ಮುಂದುವರಿಸಬೇಡಿ.

ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ನೆರೆನೀರಲ್ಲಿ ನಿಂತಿತ್ತು ಅಂತಲೇ ತಿಳಿಯಿರಿ. ಟಯರ್ ಪಕ್ಕದ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೀಟರ್ 30,000 ತೋರಿಸುತ್ತಾ ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿದ್ದರೆ ಮೀಟರ್ ಹಿಂದಕ್ಕೆ ತಿರುಗಿಸಿರಬಹುದು, ಸರ್ವಿಸ್ ದಾಖಲೆ ಕೇಳಿ. ಆಮೇಲೆ ಅರ್ಧ ಗಂಟೆ ಓಡಿಸಿ. ಹಂಪ್, ಏರು, ಟ್ರಾಫಿಕ್ ಎಲ್ಲಾ ಇರಲಿ, ಹಾಡು ಆಫ್ ಆಗಿರಲಿ.

ದುಡ್ಡು ಕೊಡುವ ಮೊದಲು

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಂದಣಿ, ವಿಮೆ ನೋಡಿ. ಬಾಕಿ ದಂಡವಿದ್ದರೆ ಮಾರುವವರೇ ಕಟ್ಟಲಿ. ಸಾಲದ ಕಾರಾಗಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಮಾಲೀಕರ ಬದಲಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಹಳೇದನ್ನು ಕೊಡುವಾಗ

ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದಲ್ಲ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಹಾನಿ ಪ್ರೀಮಿಯಂನಲ್ಲಿ (ನಿಮ್ಮ ಕಾರಿಗೇ ಆಗುವ ಹಾನಿಗೆಂದು ಕಟ್ಟುವ ಭಾಗದಲ್ಲಿ) 50% ಕಡಿತ. ವಿಮಾ ಕಂಪನಿಯಿಂದ ಪತ್ರ ಪಡೆದು ಮುಂದಿನ ಕಾರಿಗೆ ಬಳಸಿ.

ಸಹಿ ಹಾಕಿದ ಖಾಲಿ ಫಾರಂ ಯಾರ ಕೈಗೂ ಕೊಡಬೇಡಿ, ಎಷ್ಟೇ ಪರಿಚಯದ ಬ್ರೋಕರ್ ಆಗಿರಲಿ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತವಾದರೆ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಮಾರಿ, ಕೀ ಕೊಟ್ಟು ವರ್ಷವಾಗಿದ್ದರೂ ಅಷ್ಟೇ. ಕೊಟ್ಟ ದಿನ, ಗಂಟೆ ಬರೆದು ಇಬ್ಬರೂ ಸಹಿ ಮಾಡಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿ ಮಾಲೀಕರ ಹೆಸರು ಬದಲಾಗುವವರೆಗೂ ವಾರಕ್ಕೊಮ್ಮೆ ನೋಡುತ್ತಿರಿ.